35 ದಿನದ ಕರೆಂಟ್‌ನಲ್ಲಿ ಒಂದು ದಿನವೂ ತಪ್ಪಬಾರದು

ಮಾನ್ಯ ಸಂಪಾದಕರೇ,

ಗಂಟಲು ಕ್ಯಾನ್ಸರ್ ಎಂದು ತಿಳಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಆಪರೇಷನ್ನೋ, ಕರೆಂಟೋ?’ ಕರೆಂಟ್ ಎಂದರೆ ರೇಡಿಯೇಷನ್, ಅಂದರೆ ವಿಕಿರಣ ಚಿಕಿತ್ಸೆ. ಗಡ್ಡೆ ಸ್ವರತಂತುವಿನಲ್ಲಷ್ಟೇ ಇದ್ದರೆ ಲೇಸರ್ ಅಥವಾ ರೇಡಿಯೇಷನ್, ಯಾವುದಾದರೂ ಒಂದೇ ಸಾಕು. ಕಷ್ಟವಿರುವುದು ಮುಂದುವರಿದ ಹಂತದಲ್ಲಿ. ಅಮೆರಿಕದಲ್ಲಿ 332 ಮಂದಿ ಧ್ವನಿಪೆಟ್ಟಿಗೆ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೆಟ್ಟಿಗೆ ತೆಗೆಸಿ ಕರೆಂಟ್ ಪಡೆದವರು, ಕೀಮೋ (ಕ್ಯಾನ್ಸರ್ ಕೊಲ್ಲುವ ಔಷಧ) ಮುಗಿಸಿ ಕರೆಂಟ್ ಪಡೆದವರು ಇಬ್ಬರಲ್ಲೂ 2 ವರ್ಷದ ನಂತರ ಬದುಕಿದ್ದವರು ಶೇ 68. ಎರಡನೆಯವರಲ್ಲಿ ಶೇ 64 ಮಂದಿಗೆ ಪೆಟ್ಟಿಗೆಯೂ ಉಳಿದಿತ್ತು. ಕೀಮೋ, ಕರೆಂಟ್ ಒಟ್ಟಿಗೇ ಕೊಟ್ಟಾಗ ಈ ಪ್ರಮಾಣ ಶೇ 88ಕ್ಕೆ ಏರಿದ್ದು 2003ರ ಅಧ್ಯಯನದಲ್ಲಿ ಕಂಡಿತು.

ಹಾಗೆಂದು ಎಲ್ಲರಿಗೂ ಪೆಟ್ಟಿಗೆ ಉಳಿಸಲು ಹೊರಡುವುದು ತಪ್ಪು. ರೋಗ ಪೆಟ್ಟಿಗೆಯ ಮೃದ್ವಸ್ಥಿ (ಮೆತ್ತನೆ ಮೂಳೆ) ಒಡೆದು ಹೊರಬಂದಿದ್ದರೆ, ನುಂಗಿದ್ದು ಶ್ವಾಸನಾಳಕ್ಕೆ ಇಳಿಯುತ್ತಿದ್ದರೆ ಆಪರೇಷನ್ನೇ ಮೇಲು.

ನಮ್ಮ ಮಲೆನಾಡಿನವರಿಗೆ ಹೇಳಬೇಕಾದ ಮುಖ್ಯ ಮಾತು ಬೇರೆಯೇ ಇದೆ. 70 ಗ್ರೇ (ವಿಕಿರಣದ ಪ್ರಮಾಣದ ಅಳತೆ) ಕರೆಂಟನ್ನು 35 ಸಲ, ವಾರಕ್ಕೆ 5 ದಿನದಂತೆ 7 ವಾರ ಕೊಡುತ್ತಾರೆ. ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ಜೊಲ್ಲು ಒಣಗುತ್ತದೆ, ಗಂಜಿಯೂ ಇಳಿಯದು. ‘ಸ್ವಲ್ಪ ಸುಧಾರಿಸಿಕೊಂಡು ಬರ್ತೀವಿ’ ಎಂದು ಊರಿಗೆ ಹೋಗುವುದು ಆಗಲೇ. ಅಡಿಕೆ ಕೊಯ್ಲಿದ್ದರಂತೂ ಕೇಳುವುದೇ ಬೇಡ. ಆದರೆ ಉಳಿದ ಕ್ಯಾನ್ಸರ್ ಕಣಗಳು ವೇಗವಾಗಿ ಬೆಳೆಯುವುದೂ ಅದೇ ಹೊತ್ತಿಗೆ. ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗದ ಹತೋಟಿ ಸರಿಸುಮಾರು ಶೇ 1ರಷ್ಟು ಕುಸಿಯುತ್ತದೆ. ಆಪರೇಷನ್ ಆದವರಿಗೂ ಸಾಮಾನ್ಯವಾಗಿ 30 ಸಲ ಕರೆಂಟ್ ತಪ್ಪದು. ಅದು 6 ವಾರದೊಳಗೆ ಶುರುವಾಗಬೇಕು.

ಹೀಗಾಗಿ ತಯಾರಿ ಮೊದಲೇ ಆಗಲಿ. ಹಾಳಾದ ಹಲ್ಲು ಕೀಳಿಸಿ 2–3 ವಾರ ಗಾಯ ಮಾಯಲು ಬಿಡಿ. ಕರೆಂಟ್ ಆದ ಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯಬಹುದು. ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಬೇಕು. ತೂಕ ಇಳಿಯತೊಡಗಿದರೆ ಮೂಗಿನ ಮೂಲಕ ಆಹಾರ ಕೊಡುವ ನಳಿಕೆಗೆ ಹೆದರಬೇಡಿ. ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧ ಕೊಡುವ ಮುನ್ನ ಮೂತ್ರಪಿಂಡ, ಕಿವಿ ಎರಡರ ಪರೀಕ್ಷೆಯೂ ಬೇಕು. ಬೀಡಿ, ಎಲೆಯಡಿಕೆ ಅಂದೇ ನಿಲ್ಲಲಿ.

ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಿಂದ ಮಳೆಗಾಲದಲ್ಲಿ ದಿನವೂ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಓಡಾಡುವುದು ಆಗದ ಮಾತು. ರೇಡಿಯೇಷನ್ ಕೇಂದ್ರಗಳ ಹತ್ತಿರ ರೋಗಿ, ಜೊತೆಗೊಬ್ಬರು 7 ವಾರ ಉಳಿಯಲು ಕಡಿಮೆ ಬಾಡಿಗೆಯ ಕೋಣೆ, ಮೆತ್ತನೆ ಊಟದ ವ್ಯವಸ್ಥೆಯನ್ನು ಜಿಲ್ಲಾಡಳಿತ ಮಾಡಿಕೊಡಬೇಕು.

– ಕ್ಯಾನ್ಸರ್ ರೋಗಿಗಳ ಆರೈಕೆಯಲ್ಲಿ ತೊಡಗಿರುವವರು, ಶಿವಮೊಗ್ಗ