ಅರಬ್ಬಿಗೆ ಜಡೆ ಬೇಡ

ಮಾನ್ಯರೆ,

ಕುಣಿಗಲ್ ಸ್ಟಡ್ ಫಾರಂ ಹೆಸರಾಗಿರುವುದು ಥರೋಬ್ರೆಡ್ ಎಂಬ ರೇಸ್ ಕುದುರೆ ತಳಿಗೆ. ಅದೇ ಕಣ್ಣಿನಿಂದ ಶುದ್ಧ ಅರಬ್ಬಿ ತಳಿಯ ಕುದುರೆಯನ್ನು ಸವಾರಿ ಪ್ರದರ್ಶನಕ್ಕೆ ಸಿದ್ಧಪಡಿಸಿದರೆ ಕೆಟ್ಟಿತು. ಅರಬ್ಬಿಯ ಕೇಸರ, ಬಾಲ ಹೆಣೆಯದೆ ಇಳಿಬಿಟ್ಟಿರಬೇಕು. ಸಿಕ್ಕನ್ನು ಬೆರಳಲ್ಲೇ ಬಿಡಿಸಿ, ಬಾಚಣಿಗೆ ಕೂದಲು ಕೀಳುತ್ತದೆ.

ದೊಡ್ಡ ತಪ್ಪು ಲಗಾಮಿನಲ್ಲಿ. ಕತ್ತು ಚೆಂದ ಬಾಗಲೆಂದು ಜಗ್ಗಿದರೆ ಮೂತಿ ಎದೆಗೆ ಅಂಟುತ್ತದೆ, ಬೆನ್ನು ಕುಸಿಯುತ್ತದೆ, ಹಿಂಗಾಲು ಹೊಟ್ಟೆಯಡಿಗೆ ಬರುವುದೇ ಇಲ್ಲ. ನೋಡುವವರಿಗೆ ಅದು ಠೀವಿ, ತೀರ್ಪುಗಾರರಿಗೆ ದೋಷ. ಮುಖ ಲಂಬರೇಖೆಗಿಂತ ತುಸು ಮುಂದೆಯೇ ಇರಲಿ. ಅರಬ್ಬಿಯದು ಗಿಡ್ಡ ಬೆನ್ನು. ಜೀನು ಕೊನೆಯ ಪಕ್ಕೆಲುಬು ದಾಟಿದರೆ ಸೊಂಟ ಒತ್ತಿ, ಕ್ಯಾಂಟರ್‌ನಲ್ಲಿ (ಮಧ್ಯಮ ವೇಗದ ಓಟದಲ್ಲಿ) ಕುದುರೆ ಬಾಲ ಝಾಡಿಸುತ್ತದೆ. ನಡತೆಯ ಅಂಕ ಹೋಗುವುದು ಅಲ್ಲೇ. ಮೂತಿ, ಕಣ್ಣಂಚಿಗೆ ಎಣ್ಣೆ ಹೊಳಪು? ನಮ್ಮ ಬಿಸಿಲಲ್ಲಿ ಚರ್ಮ ಸುಟ್ಟೀತು, ಪ್ರದರ್ಶನದ ರಿಂಗ್‌ಗೆ ಇಳಿಯುವ ಮುನ್ನ ತೆಳುವಾಗಿ ಸವರಿ, ಹೊರಬಂದೊಡನೆ ಒರೆಸಿ.

– ಕುದುರೆ ಸವಾರಿ ಆಸಕ್ತರು, ತುಮಕೂರು