ಶರಣುಗೆ ಕಾಕಾನ ಕಾಗದ: ಕಿರ್ದಿ ಎಸೆಯೋ ಮುಂಚೆ

ಬೀದರ್

ಚಿ. ಶರಣುಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಕರೆಂಟ್ ಹೋಗಿ ಬಂದ ಮೇಲೆ ಮಿಲ್ಲಿನ ಲೆಕ್ಕ ಇಡುವ ಪೋಸ್ಟ್‌ಗ್ರೆಸ್ (ಡೇಟಾಬೇಸ್ ಸಾಫ್ಟ್‌ವೇರ್) ಸರ್ವರ್ ಏಳ್ತಾ ಇಲ್ಲ, ಸರಿಯಾದ ಚೆಕ್‌ಪಾಯಿಂಟ್ (ಇಲ್ಲಿವರೆಗೆ ಎಲ್ಲ ಬರೆದಾಗಿದೆ ಅನ್ನೋ ಗುರುತು) ಸಿಗ್ತಿಲ್ಲ ಅಂತಿದೆ, ಪಿಜಿ_ರಿಸೆಟ್‌ವಾಲ್ ಅನ್ನೋ ರಿಸೆಟ್ ಆದೇಶ ಓಡಿಸಲಾ ಅಂತ ನೀನು ಕೇಳಿದೆ. ತಡಿ ಅಂದೆ. ಫೋನಿನಲ್ಲಿ ಹೇಳಿದರೆ ಏನಾದರೊಂದು ಬಿಟ್ಟು ಹೋಗುತ್ತೆ, ಅದಕ್ಕೇ ಬರೆದು ವಾಟ್ಸಾಪ್ ಮಾಡುತ್ತಿದ್ದೇನೆ.

ನಿಮ್ಮಜ್ಜ ಕಲಬುರಗಿ ಗಂಜಿನಲ್ಲಿ ಲೆಕ್ಕ ಬರೆಯುತ್ತಿದ್ದರು, ಅಲ್ವಾ? ತೊಗರಿ ಚೀಲ ತೂಗಿದ ಕೂಡಲೇ ಕಿರ್ದಿಯಲ್ಲಿ ಒಂದು ಸಾಲು. ಖಾತೆಗೆ ಏರಿಸುವುದು ಸಂಜೆಗೆ. ಪೋಸ್ಟ್‌ಗ್ರೆಸ್ ಮಾಡುವುದೂ ಅದೇ. ಬದಲಾವಣೆ ಮೊದಲು ಅದರ ಕಿರ್ದಿಯಾದ 16 ಎಂಬಿಯ ವಾಲ್ ಫೈಲಿಗೆ, ಖಾತೆಯಂತಿರುವ ಟೇಬಲ್ಲಿಗೆ ಆಮೇಲೆ. ರಿಸೆಟ್ ಅಂದರೆ ಆ ಕಿರ್ದಿ ಎಸೆದು ಹೊಸದು ತೆರೆದ ಹಾಗೆ. ಖಾತೆಗೆ ಏರದ ಸಾಲು ಹೋಯಿತು. ಅರ್ಧ ಏರಿದ್ದು ಅರ್ಧವೇ ಉಳಿಯುತ್ತೆ, ಅದು ಇನ್ನೂ ಜಾಸ್ತಿ ಅಪಾಯ.

ನಾನು ಒಮ್ಮೆ ಡಿಸ್ಕ್ ತುಂಬಿತು ಅಂತ ವಾಲ್ ಫೈಲುಗಳಿರುವ ಪಿಜಿ_ಎಕ್ಸ್‌ಲಾಗ್ ಫೋಲ್ಡರ್ ಅಳಿಸಿಬಿಟ್ಟೆ. ಸುಮ್ನೆ ಹಳೇ ಲಾಗ್ ಇರಬೇಕು ಅಂದುಕೊಂಡಿದ್ದೆ. (2017ರಲ್ಲಿ 10ನೇ ಆವೃತ್ತಿ ಬಂದಾಗ ಅದರ ಹೆಸರು ಪಿಜಿ_ವಾಲ್ ಆಯಿತು.) ರಿಸೆಟ್ ಮಾಡಿದೆ, ಸರ್ವರ್ ಎದ್ದಿತು, ಎಲ್ಲರಿಗೂ ಖುಷಿ. ಮೂರನೇ ದಿನ ಒಬ್ಬ ರೈತರು ತೂಕದ ಚೀಟಿ ಹಿಡಿದು ಬಂದರು. ನಂಬರ್ ಹಾಕಿ ಹುಡುಕಿದರೆ ಏನೂ ಇಲ್ಲ. ಇಡೀ ಪಟ್ಟಿ ತೆರೆದು ನೋಡಿದರೆ ಆ ಸಾಲು ಅಲ್ಲೇ ಇದೆ! ಬೇಗ ಹುಡುಕಲು ಇರುವ ಇಂಡೆಕ್ಸ್ ಒಂದು ಹೇಳುತ್ತೆ, ಟೇಬಲ್ ಇನ್ನೊಂದು. ಅಷ್ಟರಲ್ಲಿ ಅದರ ಮೇಲೆ ಮೂರು ದಿನದ ವ್ಯವಹಾರ ಬರೆದಾಗಿತ್ತು. ಬೆವರಿಗೆ ಮೆತ್ತಗಾದ ಆ ಚೀಟಿಯನ್ನು ಅವರು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಿದ್ದು ಇನ್ನೂ ಕಣ್ಮುಂದೆ ಇದೆ.

ಒಳ್ಳೆ ಬ್ಯಾಕಪ್ ಇದ್ದರೆ ಅದನ್ನೇ ಎತ್ತು, ರಿಸೆಟ್ ಬೇಡವೇ ಬೇಡ. ಇಲ್ಲ ಅಂದರೆ ಸರ್ವರ್ ಪೂರ್ತಿ ನಿಂತಿದೆಯಾ ನೋಡಿ, ಡೇಟಾ ಫೋಲ್ಡರ್ ಅಷ್ಟನ್ನೂ ಬೇರೆ ಡಿಸ್ಕಿಗೆ ನಕಲು ಮಾಡು. ಆಮೇಲೆ ಆ ರಿಸೆಟ್ ಆದೇಶಕ್ಕೆ ‘-ಎನ್’ ಹಾಕಿ ಓಡಿಸು. ಅದು ಏನನ್ನೂ ಮುಟ್ಟದೆ ಅಂಕಿ ಮಾತ್ರ ತೋರಿಸುತ್ತೆ. ಕರೆಂಟ್ ಹೋಗಿ ನಿಂತ ಸರ್ವರ್ ಆದ್ದರಿಂದ ‘-ಎಫ್’ (ಬಲವಂತವಾಗಿ ಮಾಡು) ಹಾಕು ಅನ್ನುತ್ತೆ. ಆ ಅಂಕಿ ಓದದೆ ಹಾಕಬೇಡ. ಡೇಟಾಬೇಸಿನ ಸ್ಥಿತಿ ಬರೆದಿಡುವ ಕಂಟ್ರೋಲ್ ಫೈಲೂ ಕೆಟ್ಟಿದ್ದರೆ ಅದರಲ್ಲಿ ಕೆಲವು ಬರೀ ಅಂದಾಜು.

ಎದ್ದ ಮೇಲೆ ಯಾರಿಗೂ ಬಿಲ್ ಮಾಡಲು ಬಿಡಬೇಡ. ಡಂಪ್ (ಡೇಟಾದ ಪೂರ್ತಿ ಪ್ರತಿ) ತೆಗೆದು, ಹೊಸದಾಗಿ ಇನಿಟ್‌ಡಿಬಿ (ಖಾಲಿ ಡೇಟಾಬೇಸ್ ತೆರೆಯುವ ಆದೇಶ) ಮಾಡಿ, ಅದರೊಳಗೆ ತುಂಬು. ಕಡೇ ದಿನದ ಚೀಟಿಗಳನ್ನು ಒಂದೊಂದಾಗಿ ತಾಳೆ ನೋಡು. ಮಾಲೀಕರು ಅವಸರ ಮಾಡಿದರೆ ನನ್ನ ನಂಬರ್ ಕೊಡು, ನಾನು ಮಾತಾಡುತ್ತೇನೆ.

ನಕಲು ಮುಗಿದ ಕೂಡಲೇ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಕಾಕಾ