ಹಳೇ ಡಿ50 ಡೋಜರ್: ಬ್ಲೇಡ್ ತಾನಾಗೇ ಇಳಿಯುತ್ತಿದ್ದರೆ

ಎಲ್ಲರ ಗಮನಕ್ಕೆ. ಕೆಜಿಎಫ್‌ನಲ್ಲಿ ತಯಾರಾದ ಹಳೇ ಬಿಇಎಂಎಲ್ ಡಿ50 ರಿಪೇರಿಗೆ ಕೈಹಾಕಿದವರು, ಬ್ಲೇಡ್ ಇಳೀತಿದೆ ಅಂತ ಸೀದಾ ಸಿಲಿಂಡರಿನ ಸೀಲ್ ಕಿಟ್ ತರಿಸಬೇಡಿ. ಕಂಟ್ರೋಲ್ ವಾಲ್ವ್‌ನ ಸ್ಪೂಲ್ (ಒಳಗೆ ಜಾರಿ ಎಣ್ಣೆಯ ದಾರಿ ತೆರೆದು ಮುಚ್ಚುವ ಕಡ್ಡಿ) ಸವೆದರೂ ಹೀಗೇ ಆಗುತ್ತೆ.

ಬ್ಲೇಡ್ ಎತ್ತಿ, ಭಾರವನ್ನು ಜ್ಯಾಕ್ ಮೇಲೆ ಕೂರಿಸಿ, ಪಕ್ಕದಲ್ಲಿ ಎರಡಿಂಚು ಸಂದು ಬಿಟ್ಟು ಮರದ ದಿಮ್ಮಿ ಪೇರಿಸಿ. ಎಂಜಿನ್ ನಿಲ್ಲಿಸಿ, ಲೀವರ್ ಆಡಿಸಿ ಪ್ರೆಶರ್ ಬಿಡಿ. ಎರಡೂ ಲಿಫ್ಟ್ ಸಿಲಿಂಡರುಗಳ ರಾಡ್ ಕಡೆಯ ಹೋಸ್ ಕಳಚಿ, ಸಿಲಿಂಡರಿನ ಬಾಯಿಗೆ ಉಕ್ಕಿನ ಪ್ಲಗ್ ಬಿಗಿಯಿರಿ. ಬ್ಲೇಡ್ ಕೆಳಗೆ ಯಾರೂ ಇರಕೂಡದು. ಈಗ ಜ್ಯಾಕ್ ಇಳಿಸಿ. ಬ್ಲೇಡ್ ದಿಮ್ಮಿಗೆ ತಾಗುವ ಮುಂಚೆಯೇ, ಸ್ವಲ್ಪ ಕೂತು ನಿಂತರೆ ವಾಲ್ವ್ ಕಡೆ ನೋಡಿ. ಇಳಿಯುತ್ತಲೇ ಹೋದರೆ ಪಿಸ್ಟನ್ ಸೀಲ್.

ಸೀಲ್ ಹಾಕುವ ಮುಂಚೆ ರಾಡ್ ಮೇಲೆ ಉಗುರು ಎಳೆದು ನೋಡಿ. ತುಕ್ಕು ತಿಂದ ಗುಳಿಗೆ ಉಗುರು ಸಿಕ್ಕಿಕೊಂಡರೆ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮಿಯಂ ಲೇಪ) ಮಾಡಿಸಲೇಬೇಕು, ಇಲ್ಲದಿದ್ದರೆ ಹೊಸ ಸೀಲ್ ಬೇಗನೆ ಹರಿಯುತ್ತೆ.

ಜೋಡಿಸಿದ ಮೇಲೆ ಐಡಲ್‌ನಲ್ಲಿ ನಾಲ್ಕೈದು ಸಲ ಎತ್ತಿಳಿಸಿ, ಪ್ರತಿ ಸಲ ಸಿಲಿಂಡರಿನ ಓಟದ ಕೊನೆಗೆ 100 ಮಿ.ಮೀ. ಮುಂಚೆಯೇ ನಿಲ್ಲಿಸಿ; ಗಾಳಿ ಹೋಗಲಿ. ಆಮೇಲೆ ಟ್ಯಾಂಕಿನ ಎಣ್ಣೆ ಮಟ್ಟ ನೋಡಿ.

ಇನ್ನು ಡೋಜರ್ ಓಡುವ ಚೈನ್ (ಟ್ರ್ಯಾಕ್) ವಿಷಯ: ಅದರ ಜೋಲು 20ರಿಂದ 30 ಮಿ.ಮೀ. ಸಾಕು. ಸಡಿಲಿಸುವಾಗ, ಚೈನ್ ಬಿಗಿ ಹಿಡಿದಿರುವ ಗ್ರೀಸನ್ನು ಹೊರಬಿಡುವ ಪ್ಲಗ್ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಎದುರಿಗೆ ಮುಖ ಕೊಡಬೇಡಿ. ಒಳಗಿನ ಒತ್ತಡಕ್ಕೆ ಪ್ಲಗ್ ಗುಂಡಿನಂತೆ ಸಿಡಿಯುತ್ತೆ.